ಪ್ರಶ್ನೆಗೆ ಒಳಪಡಬೇಕಾದದ್ದು ನಂಬಿಕೆಯೋ, ನಂಬಿದವರೋ?

1985ರ ಜುಲೈಯಲ್ಲಿ ಕೇರಳದ ಒಂದು ಶಾಲೆಯಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಗೆ ಹಾಕಲಾಯಿತು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಈ ಮಕ್ಕಳು ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಆರಂಭವಾದಾಗ ಉಳಿದವರಂತೆಯೇ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಯೆಹೋವನಿಗೆ ಸಲ್ಲಿಸುವ ಪ್ರಾರ್ಥನೆಯನ್ನು ಬಿಟ್ಟು ಬೇರಾವ ವಿಧಿಯಲ್ಲೂ ತಾವು ದನಿಗೂಡಿಸುವಂತಿಲ್ಲ ಎಂಬುದು ಅವರು ಮನೆಯಿಂದ ಪಡೆದುಬಂದ ನಂಬಿಕೆ. ಮಾತು ವಿಧಾನಸಭೆಯವರೆಗೆ ಹೋಗಿ, ಮಕ್ಕಳು ರಾಷ್ಟ್ರಗೀತೆಗೆ ಅಗೌರವ ತೋರಿಲ್ಲವೆಂದು ವಿಚಾರಣಾ ಆಯೋಗವೇ ವರದಿ ಕೊಟ್ಟ ಮೇಲೂ, ಶಿಕ್ಷಣ ಇಲಾಖೆಯ ಸೂಚನೆಯಂತೆ ಅವರನ್ನು ಶಾಲೆ ಬಿಡಿಸಲಾಯಿತು. ಪ್ರಕರಣ ತನ್ನ ಮುಂದೆ ಬಂದಾಗ ಕೇರಳ ಹೈಕೋರ್ಟ್ ರಾಷ್ಟ್ರಗೀತೆಯ ಒಂದೊಂದು ಪದವನ್ನೂ ಬಿಡಿಸಿ ನೋಡಿತು. ಯಾರ ಧಾರ್ಮಿಕ ಭಾವನೆಗೂ ನೋವಾಗುವಂತಹ ಒಂದು ಪದವಾಗಲಿ, ಒಂದು ವಿಚಾರವಾಗಲಿ ಅದರಲ್ಲಿಲ್ಲವೆಂದು ತೀರ್ಮಾನಿಸಿ ಅರ್ಜಿಯನ್ನು ತಳ್ಳಿಹಾಕಿತು.

ಹೈಕೋರ್ಟಿನ ಓದು ತಪ್ಪಾಗಿತ್ತೆಂದು ಯಾರೂ ಹೇಳಲಾರರು. ಆದರೆ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪು, ಕೇಳಬೇಕಾಗಿದ್ದ ಪ್ರಶ್ನೆಯೇ ಅದಲ್ಲ ಎಂದಿತು. ಒಂದು ನಂಬಿಕೆಯು ನ್ಯಾಯಾಧೀಶರ ವಿವೇಚನೆಗೋ ಮನಸ್ಸಿಗೋ ಒಪ್ಪಿಗೆಯಾಗುತ್ತದೆಯೇ ಎಂಬುದು ಅಪ್ರಸ್ತುತ, ಅದನ್ನು ಆ ವ್ಯಕ್ತಿ ಪ್ರಾಮಾಣಿಕವಾಗಿ, ಅಂತಃಸಾಕ್ಷಿಗೆ ಬದ್ಧನಾಗಿ ನಂಬಿದ್ದಾನೆಯೇ ಎಂಬುದಷ್ಟೇ ನೋಡತಕ್ಕದ್ದು ಎಂಬುದು ಬಿಜೋ ಇಮ್ಯಾನುಯಲ್ ಪ್ರಕರಣವೆಂದು ಹೆಸರಾದ ಆ ತೀರ್ಪಿನ ತಿರುಳು. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕಾಯಿತು.

ಧಾರ್ಮಿಕ ನಂಬಿಕೆಯನ್ನು ಪ್ರಶ್ನಿಸಬಹುದೇ ಎಂಬ ಚರ್ಚೆ ನಮ್ಮಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ನೆವದಲ್ಲಿ ಏಳುತ್ತದೆ, ಒಂದಷ್ಟು ದಿನ ಕಾವೇರುತ್ತದೆ, ಎಲ್ಲಿಗೂ ತಲುಪದೆ ತಣ್ಣಗಾಗುತ್ತದೆ. ಹೀಗಾಗಲು ಒಂದು ಕಾರಣ, ಆ ಒಂದು ವಾಕ್ಯದೊಳಗೆ ಹಲವು ಪ್ರಶ್ನೆಗಳು ಸೇರಿಕೊಂಡಿರುವುದು. ನಂಬಿದ್ದು ನಿಜವೇ ಎಂಬುದು ಒಂದು ಪ್ರಶ್ನೆ. ನಂಬುತ್ತೇನೆ ಎನ್ನುವವರು ನಿಜಕ್ಕೂ ನಂಬುತ್ತಾರೆಯೇ ಎಂಬುದು ಇನ್ನೊಂದು. ಆ ನಂಬಿಕೆಯಿಂದ ಯಾರಿಗೆ ಏನಾಗುತ್ತದೆ ಎಂಬುದು ಮತ್ತೊಂದು. ಇವು ಮೂರಕ್ಕಿಂತಲೂ ನಿರ್ಣಾಯಕವಾಗಿದ್ದು ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋಗುವ ಸಂಗತಿಯೊಂದಿದೆ: ಕೇಳುತ್ತಿರುವವರು ಯಾರು, ಮತ್ತು ಉತ್ತರ ಕೊಡದೆ ಹೋದರೆ ಕೇಳಿಸಿಕೊಂಡವರಿಗೆ ಆಗುವ ನಷ್ಟವೇನು? ಕಾಫಿ ಕುಡಿಯುತ್ತಾ ಗೆಳೆಯನೊಬ್ಬ ‘ನೀವು ಇದನ್ನೆಲ್ಲ ನಿಜವಾಗಿ ನಂಬುತ್ತೀರಾ’ ಎಂದು ಕೇಳುವುದಕ್ಕೂ, ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು ಹೆಸರು ಕೇಳಿ, ಊರು ಕೇಳಿ, ‘ನೀವು ವೆಜ್ಜಾ’ ಎಂಬಲ್ಲಿಂದ ಶುರುಮಾಡಿ ಮನೆದೇವರವರೆಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಪ್ರಶ್ನೆಯ ಮಾತುಗಳಲ್ಲಿಲ್ಲ. ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ ಸುಮ್ಮನಾದರೆ ಮನೆ ಸಿಗುವುದಿಲ್ಲ.

ನಿಜವೇ ಎಂಬ ಪ್ರಶ್ನೆ ಮತ್ತು ಪ್ರಾಮಾಣಿಕವೇ ಎಂಬ ಪ್ರಶ್ನೆ, ಇವೆರಡನ್ನೂ ಬೇರ್ಪಡಿಸುವ ಕೆಲಸ ಹೇಳುವಷ್ಟು ಸುಲಭವಲ್ಲ ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿಯಾಗಿದೆ. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬ್ಯಾಲರ್ಡ್ ಕುಟುಂಬದವರ ಪ್ರಕರಣ ಬಂತು. ತಮಗೆ ರೋಗ ಗುಣಪಡಿಸುವ ದೈವೀ ಶಕ್ತಿಯಿದೆ ಎಂದು ಸಾರಿ, ಅಂಚೆಯ ಮೂಲಕ ಜನರಿಂದ ಹಣ ಪಡೆದು ವಂಚಿಸಿದರೆಂಬುದು ಅವರ ಮೇಲಿದ್ದ ಆರೋಪ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಡಗ್ಲಸ್, ರುಜುವಾತು ಮಾಡಲಾಗದ್ದನ್ನು ನಂಬುವ ಹಕ್ಕು ಮನುಷ್ಯನಿಗಿದೆ, ಆದ್ದರಿಂದ ಅವರ ಸಿದ್ಧಾಂತ ಸತ್ಯವೋ ಸುಳ್ಳೋ ಎಂಬುದನ್ನು ಯಾವ ನ್ಯಾಯದರ್ಶಿ ಮಂಡಳಿಯ (ಜ್ಯೂರಿಯ) ಮುಂದೆಯೂ ಇಡಬಾರದು, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದರೇ ಎಂಬುದನ್ನು ಮಾತ್ರ ಕೇಳಬಹುದು ಎಂದರು. ಭಿನ್ನಮತದ ನ್ಯಾಯಮೂರ್ತಿ ಜ್ಯಾಕ್ಸನ್ ಇದನ್ನು ಒಪ್ಪಲಿಲ್ಲ. ನಂಬಲರ್ಹವೇ ಎಂಬುದನ್ನು ಬಿಟ್ಟು ನಂಬಿದ್ದನೇ ಎಂಬುದನ್ನು ಯಾರಾದರೂ ಹೇಗೆ ಅಳೆದಾರು ಎಂಬುದು ಅವರ ಆಕ್ಷೇಪ. ಎದುರಿಗಿರುವವನ ಮಾತು ಅಸಂಭವವೆನಿಸಿದಷ್ಟೂ ಅವನು ಸುಳ್ಳು ಹೇಳುತ್ತಿದ್ದಾನೆ ಎಂದೇ ನಮಗೆ ತೋರುತ್ತದೆ, ನಮ್ಮದೇ ಮನೆಯಲ್ಲಿ ಬಾಲ್ಯದಿಂದ ಕೇಳಿದ ಅಸಂಭವಗಳು ಮಾತ್ರ ಅಸಂಭವವೆನಿಸುವುದಿಲ್ಲ. ಜ್ಯಾಕ್ಸನ್ ಅವರ ಆಕ್ಷೇಪಕ್ಕೆ ಪೂರ್ಣ ಸಮಾಧಾನ ಇದುವರೆಗೆ ಯಾರಿಂದಲೂ ಬಂದಂತಿಲ್ಲ. ಹಾಗಿದ್ದರೂ, ಎರಡು ಕಷ್ಟಗಳಲ್ಲಿ ಚಿಕ್ಕದನ್ನು ಆರಿಸಬೇಕಾದಾಗ, ಸತ್ಯವನ್ನು ವಿಚಾರಣೆಗೆ ಒಡ್ಡುವುದಕ್ಕಿಂತ ಪ್ರಾಮಾಣಿಕತೆಯನ್ನು ಒಡ್ಡುವುದೇ ಮೇಲು ಎಂದು ನನಗೆ ಅನಿಸುತ್ತದೆ.

ನಮ್ಮ ನ್ಯಾಯಾಲಯಗಳು ಬಹುಮಟ್ಟಿಗೆ ಬೇರೊಂದು ದಾರಿ ಹಿಡಿದಿವೆ. ಆ ದಾರಿ ಶುರುವಾದದ್ದು ಉಡುಪಿಯಿಂದ. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಆಡಳಿತದಲ್ಲಿ ಆಗಿನ ಮದರಾಸು ಸರ್ಕಾರದ ಧಾರ್ಮಿಕ ದತ್ತಿ ಇಲಾಖೆ ಎಷ್ಟರಮಟ್ಟಿಗೆ ಕೈಹಾಕಬಹುದು ಎಂಬ ವ್ಯಾಜ್ಯದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಅಲ್ಲಿ ಹೇಳಿದರು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕೆಂದು ಸಂಪ್ರದಾಯ ವಿಧಿಸಿದ್ದರೆ, ಅದಕ್ಕೆ ಹಣ ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗಿಬಿಡುವುದಿಲ್ಲ ಎಂಬ ಉದಾಹರಣೆಯನ್ನೂ ಕೊಟ್ಟರು. ಆ ಮಾತಿನ ಉದ್ದೇಶ ನಂಬಿಕೆಗೆ ತನ್ನದೇ ಆದ ಆವರಣ ಬಿಟ್ಟುಕೊಡುವುದಾಗಿತ್ತು. ಮುಂದಿನ ವರ್ಷಗಳಲ್ಲಿ ಅದೇ ಮಾತು ತಿರುವುಮುರುವಾಯಿತು. 1961ರ ಅಜ್ಮೀರ್ ದರ್ಗಾ ಪ್ರಕರಣದ ಹೊತ್ತಿಗೆ, ಬರಿಯ ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡ ಆಚರಣೆಗಳು ಅತ್ಯಗತ್ಯವೆನಿಸಲಾರವು, ಆದ್ದರಿಂದ ಯಾವುದು ತಿರುಳು, ಯಾವುದು ಹೊರಗಿನಿಂದ ಸೇರಿದ್ದು ಎಂಬುದನ್ನು ಜಾಗ್ರತೆಯಿಂದ ಪರಿಶೀಲಿಸಬೇಕು ಎಂಬ ನಿಲುವು ಬಂದಿತ್ತು. ಪರಿಶೀಲಿಸುವವರು ಯಾರು? ನ್ಯಾಯಾಧೀಶರು. ಹೀಗೆ, ಧರ್ಮವನ್ನು ವಿಚಾರಿಸಬಾರದೆಂದು ಹೊರಟ ಸೂತ್ರವೇ ನ್ಯಾಯಪೀಠವನ್ನು ಶಾಸ್ತ್ರವಿಚಾರದ ಪೀಠವನ್ನಾಗಿಸಿತು.

ಇದಕ್ಕಿಂತ ನೇರವಾದ ದಾರಿಯೂ ಇತ್ತು, ಅದೂ ನಮ್ಮ ಕರಾವಳಿಯದ್ದೇ. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನವಾದ್ದರಿಂದ ಹೊರಗಿನವರ ಪ್ರವೇಶವನ್ನು ತಡೆಯುವ ಹಕ್ಕು ತಮಗಿದೆ ಎಂದು ಅದರ ಆಡಳಿತದವರು ವಾದಿಸಿದ್ದರು. 1957ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಗಮಗಳನ್ನು ನೋಡಿ, ಹೌದು, ಯಾರು ಒಳಗೆ ಬರಬಹುದು ಎಂಬುದು ಧಾರ್ಮಿಕ ವಿಷಯವೇ, ಇದು ಒಂದು ಪಂಗಡದ ದೇವಸ್ಥಾನವೇ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ, ಸಾರ್ವಜನಿಕ ಸ್ವರೂಪದ ಹಿಂದೂ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯಲು ಸಂವಿಧಾನದ 25ನೆಯ ವಿಧಿಯೇ ಅವಕಾಶ ಕೊಟ್ಟಿರುವುದರಿಂದ ಬಾಗಿಲು ತೆರೆಯಲೇಬೇಕು ಎಂದಿತು. ಪಂಗಡದವರಿಗಷ್ಟೇ ಸೀಮಿತವಾದ ಕೆಲವು ಸೇವೆಗಳನ್ನು ಮಾತ್ರ ಅವರಿಗೆ ಉಳಿಸಿಕೊಟ್ಟಿತು. ಈ ತೀರ್ಪಿನ ದೊಡ್ಡ ಗುಣವೆಂದರೆ, ನಿಮ್ಮ ನಂಬಿಕೆ ನಿಮ್ಮ ಧರ್ಮದ್ದೇ ಅಲ್ಲ ಎಂದು ಅದು ಯಾರಿಗೂ ಹೇಳಲಿಲ್ಲ. ಅದು ನಿಮ್ಮ ನಂಬಿಕೆಯೇ ಸರಿ, ಆದರೆ ಇನ್ನೊಬ್ಬರ ಹಕ್ಕು ಇಲ್ಲಿ ಮೇಲುಗೈ ಪಡೆಯುತ್ತದೆ ಎಂದು ಹೇಳಿತು. ಸೋತವರಿಗೂ ಇದರಲ್ಲಿ ಒಂದು ಮರ್ಯಾದೆಯಿದೆ.

2022ರ ಹಿಜಾಬ್ ವಿವಾದವನ್ನು ಈ ಬೆಳಕಿನಲ್ಲಿ ನೋಡಿದರೆ ಎರಡು ದಾರಿಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಿಂದ ಹಬ್ಬಿದ ಆ ವಿವಾದದಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಮಾರ್ಚ್ 15ರಂದು, ಹಿಜಾಬ್ ಧರಿಸುವುದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಮಾನಿಸಿತು. ಆ ತೀರ್ಮಾನಕ್ಕೆ ಬರಲು ಕುರಾನಿನ ಅನುವಾದ ಮತ್ತು ವ್ಯಾಖ್ಯಾನಗಳನ್ನು ನ್ಯಾಯಪೀಠ ಓದಬೇಕಾಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಒಡಕು ತೀರ್ಪು ಕೊಟ್ಟಾಗ, ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾಗೊಳಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮಾತ್ರ ಅತ್ಯಗತ್ಯ ಆಚರಣೆಯ ಪ್ರಶ್ನೆಯನ್ನು ಎತ್ತಿಕೊಳ್ಳುವ ಅಗತ್ಯವೇ ಇರಲಿಲ್ಲವೆಂದು ಹೇಳಿ, ಬಿಜೋ ಇಮ್ಯಾನುಯಲ್ ತೀರ್ಪಿನ ಆಧಾರದ ಮೇಲೆ, ನಂಬಿಕೆ ಪ್ರಾಮಾಣಿಕವಾಗಿದ್ದು ಯಾರಿಗೂ ಹಾನಿ ಮಾಡದಿದ್ದರೆ ತರಗತಿಯಲ್ಲಿ ಅದನ್ನು ತಡೆಯಲು ಕಾರಣವಿಲ್ಲ ಎಂದರು. ಇಬ್ಬರಲ್ಲಿ ಯಾರ ಫಲಿತಾಂಶ ಸರಿ ಎಂಬುದನ್ನು ಓದುಗರು ತಮ್ಮತಮ್ಮ ವಿವೇಚನೆಯಿಂದ ನಿರ್ಧರಿಸಿಕೊಳ್ಳಬಹುದು. ಆದರೆ ಸಮವಸ್ತ್ರ ಏಕೆ ಬೇಕು, ಎಷ್ಟು ಬೇಕು, ಅದರಲ್ಲಿ ವಿನಾಯಿತಿಗೆ ಎಡೆಯಿದೆಯೇ ಎಂಬ ಪ್ರಶ್ನೆಗಳನ್ನು ಸರ್ಕಾರಕ್ಕೆ ಕೇಳಬೇಕಾದ ಜಾಗದಲ್ಲಿ, ಹದಿಹರೆಯದ ವಿದ್ಯಾರ್ಥಿನಿಯರಿಗೆ ಅವರ ಧರ್ಮವನ್ನು ಅವರಿಗಿಂತ ಚೆನ್ನಾಗಿ ಬಲ್ಲೆವೆಂದು ಹೇಳುವ ಸ್ಥಿತಿಗೆ ಒಂದು ನ್ಯಾಯಾಲಯ ಬಂದು ನಿಂತದ್ದು ಸೂತ್ರದ ದೋಷವೆಂದೇ ನನ್ನ ಅಭಿಪ್ರಾಯ.

ಈ ದೋಷ ಇನ್ನೂ ಗಾಢವಾಗಿ ಕಾಣುವುದು ಸಲ್ಲೇಖನದ ವಿಷಯದಲ್ಲಿ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್, ಜೈನರು ಸಂಥಾರಾ ಅಥವಾ ಸಲ್ಲೇಖನವೆಂದು ಕರೆಯುವ ಆಮರಣ ಉಪವಾಸ ವ್ರತವು ಆತ್ಮಹತ್ಯೆಗೆ ಸಮ ಎಂದು ತೀರ್ಪು ನೀಡಿತು. ಮೋಕ್ಷಕ್ಕೆ ಅದು ಅನಿವಾರ್ಯವೆಂದು ಯಾವ ಶಾಸ್ತ್ರವೂ ಹೇಳದ ಕಾರಣ ಅದು ಜೈನಧರ್ಮದ ಅತ್ಯಗತ್ಯ ಆಚರಣೆಯಾಗಲಾರದು ಎಂಬುದು ಅದರ ವಾದಸರಣಿ. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದ ಯಾರಿಗೂ ಆ ತೀರ್ಪು ವಿಚಿತ್ರವೆನಿಸಿರಬೇಕು. ಅಲ್ಲಿಯ ಅತ್ಯಂತ ಹಳೆಯ ಶಾಸನ, ಸುಮಾರು ಕ್ರಿ.ಶ. 600ರದ್ದು, ಪ್ರಭಾಚಂದ್ರನೆಂಬ ಮುನಿಯ ಮತ್ತು ಕಾಲಾಂತರದಲ್ಲಿ ಏಳುನೂರು ಋಷಿಗಳ ಸಮಾಧಿಮರಣವನ್ನು ಹೇಳುತ್ತದೆ. ಬೆಟ್ಟದ ಬಂಡೆಗಳ ಮೇಲೆ ಒಂದರ ಪಕ್ಕ ಒಂದರಂತೆ ಕೊರೆದಿರುವ ಕಿರು ಶಾಸನಗಳಲ್ಲಿ ಬಹಳಷ್ಟು ಹೀಗೆ ವ್ರತ ತೊಟ್ಟು ದೇಹ ಬಿಟ್ಟವರ ನೆನಪಿನವು. ಗಂಗ ದೊರೆ ಮಾರಸಿಂಹ ರಾಜ್ಯ ತೊರೆದು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದನ್ನು ಅದೇ ಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ದಾಖಲಿಸಿದೆ. ಇಷ್ಟೆಲ್ಲ ಕಲ್ಲಿನಲ್ಲಿ ಬರೆದಿರುವಾಗ, ಅತ್ಯಗತ್ಯವೋ ಅಲ್ಲವೋ ಎಂಬ ಮಾತಿಗೆ ಅರ್ಥವೇನು?

ಆದರೆ ಪುರಾತನವಾದದ್ದು ಎಂಬ ಕಾರಣಕ್ಕೆ ಸಲ್ಲೇಖನ ಪ್ರಶ್ನಾತೀತ ಎಂದೂ ಹೇಳುವಂತಿಲ್ಲ. ಹಾಗೆ ಹೇಳಿದರೆ ಜೈನ ಆಚಾರ್ಯರೇ ಒಪ್ಪುತ್ತಿರಲಿಲ್ಲ. ‘ಇದು ಆತ್ಮಹತ್ಯೆಯಲ್ಲವೇ’ ಎಂಬ ಪ್ರಶ್ನೆಯನ್ನು ಯಾವ ಹೈಕೋರ್ಟೂ ಹುಟ್ಟುವ ಮೊದಲೇ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ, ಜೈನರ ಮೂಲಗ್ರಂಥವಾದ ತತ್ತ್ವಾರ್ಥಸೂತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಆಚಾರ್ಯ ಪೂಜ್ಯಪಾದರು ತಾವೇ ಎತ್ತಿಕೊಂಡರು. ತನ್ನ ಇಚ್ಛೆಯಿಂದಲೇ ಆಯುಸ್ಸನ್ನು ಮುಗಿಸುವುದು ಆತ್ಮವಧೆ ತಾನೇ ಎಂಬ ಆಕ್ಷೇಪವನ್ನು ಮೊದಲು ಮುಂದಿಟ್ಟು, ಹಿಂಸೆಯೆಂದರೆ ರಾಗದ್ವೇಷಗಳ ಅಮಲಿನಲ್ಲಿ ಪ್ರಾಣಹಾನಿ ಮಾಡುವುದು, ಆ ಅಮಲಿನಲ್ಲಿ ವಿಷ ಕುಡಿಯುವವನು, ಶಸ್ತ್ರದಿಂದ ಇರಿದುಕೊಳ್ಳುವವನು ಆತ್ಮಘಾತಕ, ಅದು ಇಲ್ಲದವನು ಅಲ್ಲ ಎಂದು ಉತ್ತರಿಸಿದರು. ಸರಕು ತುಂಬಿದ ಮನೆಯಿರುವ ವ್ಯಾಪಾರಿಗೆ ಆ ಮನೆ ನಾಶವಾಗುವುದು ಬೇಕಿರುವುದಿಲ್ಲ, ನಾಶದ ಕಾರಣ ಎದುರಾದರೆ ಶಕ್ತಿಮೀರಿ ತಡೆಯುತ್ತಾನೆ, ತಡೆಯಲಾಗದಿದ್ದರೆ ಸರಕನ್ನಾದರೂ ಉಳಿಸಿಕೊಳ್ಳಲು ನೋಡುತ್ತಾನೆ ಎಂಬ ದೃಷ್ಟಾಂತವೂ ಅಲ್ಲಿದೆ. ಉಪಸರ್ಗ (ಹೊರಗಿನಿಂದ ಬಂದೊದಗುವ ವಿಪತ್ತು), ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವೇ ಇಲ್ಲದಂತೆ ಬಂದೆರಗಿದಾಗ ಮಾತ್ರ ಈ ವ್ರತಕ್ಕೆ ಅವಕಾಶವೆಂದು ಇನ್ನೊಬ್ಬ ಜೈನ ಆಚಾರ್ಯರಾದ ಸಮಂತಭದ್ರರು ಗೆರೆ ಎಳೆದರು. ಇನ್ನೂ ಸೂಕ್ಷ್ಮವಾದದ್ದು ತತ್ತ್ವಾರ್ಥಸೂತ್ರವೇ ಎಣಿಸುವ ಐದು ಅತಿಚಾರಗಳು, ಅಂದರೆ ವ್ರತಕ್ಕೆ ತಗಲುವ ದೋಷಗಳು. ವ್ರತ ತೊಟ್ಟ ಮೇಲೆ ಬದುಕಬೇಕೆಂದು ಆಸೆಪಡುವುದು ದೋಷ, ಬೇಗ ಸಾಯಬೇಕೆಂದು ಆಸೆಪಡುವುದೂ ದೋಷ. ಸ್ನೇಹಿತರ ಮೋಹ, ಹಿಂದೆ ಉಂಡ ಸುಖದ ನೆನಪು, ಮುಂದಿನ ಜನ್ಮದ ಭೋಗದ ಬಯಕೆ ಉಳಿದ ಮೂರು.

ಇಷ್ಟು ವಿವರಕ್ಕೆ ಇಳಿದದ್ದು ಒಂದು ಕಾರಣಕ್ಕಾಗಿ. ಒಳಗಿನಿಂದ ಹುಟ್ಟಿದ ಪ್ರಶ್ನೆ ನಂಬಿಕೆಯನ್ನು ಕೆಡವಲಿಲ್ಲ, ಅದಕ್ಕೆ ಷರತ್ತುಗಳನ್ನು ಹಾಕಿತು. ಯಾವಾಗ ಮಾಡಬಹುದು, ಯಾವ ಮನಸ್ಥಿತಿಯಲ್ಲಿ ಮಾಡಬಾರದು ಎಂಬುದು ಸ್ಪಷ್ಟವಾಗಿರುವುದರಿಂದಲೇ, ಹೊರಗಿನವರು ಇಂದು ಕೇಳಬೇಕಾದ ಪ್ರಶ್ನೆಗಳೂ ಸ್ಪಷ್ಟವಾಗುತ್ತವೆ. ವ್ರತ ತೊಟ್ಟ ವೃದ್ಧರು ನಿಜಕ್ಕೂ ತಾವಾಗಿ ತೊಟ್ಟರೇ, ಮನೆಯವರ ಒತ್ತಡವಿತ್ತೇ? ನಡುವೆ ನೀರು ಕೇಳಿದರೆ ಕೊಡುವವರಿದ್ದಾರೆಯೇ? ವ್ರತ ಬಿಡುತ್ತೇನೆ ಎಂದರೆ ಸುತ್ತ ನೆರೆದ ಜನ ಬಿಡಲು ಬಿಡುತ್ತಾರೆಯೇ? ಮೋಕ್ಷಕ್ಕೆ ಇದು ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಇವು ಹೆಚ್ಚು ತೂಕದವು, ಮತ್ತು ಇವನ್ನು ಕೇಳಲು ಯಾರೂ ಆಗಮಪಂಡಿತರಾಗಬೇಕಿಲ್ಲ.

ಎದುರಾಳಿಯ ಆಕ್ಷೇಪವನ್ನು ಪೂರ್ವಪಕ್ಷವಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗಬಾರದು ಎಂಬ ಶಿಸ್ತು ನಮ್ಮ ದರ್ಶನಗಳಲ್ಲೆಲ್ಲ ಇದೆ. ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ಅದ್ವೈತದ ಮೇಲೆ ಎತ್ತಿದ ಆಕ್ಷೇಪಗಳಿಗೆ ಮಧುಸೂದನ ಸರಸ್ವತಿಯವರು ಬಿಡಿಬಿಡಿಯಾಗಿ ಉತ್ತರ ಬರೆದರು, ಆ ಉತ್ತರಕ್ಕೆ ದ್ವೈತಿಗಳು ಮತ್ತೆ ಉತ್ತರ ಬರೆದರು. ಯಾರೂ ಭಾವನೆಗೆ ಧಕ್ಕೆಯಾಯಿತೆಂದು ದೂರು ಕೊಡಲಿಲ್ಲ. ಈ ಪರಂಪರೆಯನ್ನು ಹಾಡಿಹೊಗಳುವವರು ಒಂದು ವಿಷಯವನ್ನು ಬಿಟ್ಟುಬಿಡುವುದುಂಟು: ಆ ವಾದದ ಕಟ್ಟೆಯ ಮೇಲೆ ಕೂರುವ ಅರ್ಹತೆ ಎಲ್ಲರಿಗೂ ಇರಲಿಲ್ಲ. ಈ ಕೊರತೆಯನ್ನು ತುಂಬಲು ಹೊರಟವರು ಹನ್ನೆರಡನೆಯ ಶತಮಾನದ ಶರಣರು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪರೀಕ್ಷಿಸಿದ ಪ್ರಸಂಗವನ್ನು ಮೂರು ಶತಮಾನಗಳ ಅನಂತರ ಸಂಕಲಿಸಿದ ಶೂನ್ಯಸಂಪಾದನೆಗಳು ವಿಸ್ತರಿಸಿ ಹೇಳುತ್ತವೆ. ಸೀರೆಯನ್ನು ಬಿಟ್ಟವಳು ಕೂದಲಿಂದ ಮೈ ಮರೆಮಾಡಿಕೊಂಡದ್ದೇಕೆ ಎಂಬ ಪ್ರಶ್ನೆ ಇಂದಿಗೂ ಓದುವವರನ್ನು ಇರುಸುಮುರುಸಿಗೆ ಈಡುಮಾಡುವಷ್ಟು ಒರಟಾಗಿದೆ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣಗೆಡದು ಎಂಬ ಅರ್ಥದ ಅಕ್ಕನ ಉತ್ತರ ಪ್ರಸಿದ್ಧ. ಅದು ನಡೆದ ಘಟನೆಯೋ ಸಂಕಲನಕಾರರ ನಾಟಕೀಯ ಜೋಡಣೆಯೋ ಎಂಬುದು ಬೇರೆ ಮಾತು. ಅಲ್ಲಿ ಪ್ರಶ್ನಿಸಿಕೊಂಡವಳು ತಾನಾಗಿ ಬಂದವಳು, ಎದುರು ಮಾತನಾಡಬಲ್ಲವಳು, ಒಪ್ಪಿಗೆಯಾಗದಿದ್ದರೆ ಎದ್ದು ಹೋಗಬಲ್ಲವಳು ಎಂಬುದನ್ನು ಗಮನಿಸಬೇಕು. ಪ್ರಶ್ನೆಯ ಒರಟುತನವನ್ನು ಸಹ್ಯವಾಗಿಸುವುದು ಈ ಸ್ಥಿತಿ.

ಇದರ ನೇರ ವಿರುದ್ಧ ತುದಿಯಲ್ಲಿರುವುದು ಪೋರ್ಚುಗೀಸರ ಆಳ್ವಿಕೆಯ ಗೋವೆಯ ಇನ್‌ಕ್ವಿಸಿಷನ್. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ನಿಂತು, ನಡೆದ ಆ ಧರ್ಮವಿಚಾರಣೆಯ ಮುಖ್ಯ ಗುರಿ ಮತಾಂತರಗೊಂಡ ಕ್ರೈಸ್ತರೇ. 1736ರ ಒಂದು ಆಜ್ಞೆ ಮನೆಯಂಗಳದಲ್ಲಿ ತುಳಸಿ ಬೆಳೆಸುವುದನ್ನೂ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತ್ತು. ಗೋವೆ ಬಿಟ್ಟು ಕೆನರಾ ಕರಾವಳಿಗೆ ಬಂದ ಕೊಂಕಣಿ ಕ್ರೈಸ್ತ ಮನೆತನಗಳ ವಲಸೆಗೆ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದು. ಅನ್ನದ ಪಾತ್ರೆಯಲ್ಲಿ ಉಪ್ಪಿದೆಯೇ ಎಂದು ನೋಡುವ ಅಧಿಕಾರಕ್ಕೆ ಸತ್ಯದ ಹುಡುಕಾಟವೆಂಬ ಹೆಸರಿತ್ತು.

ಹಾಗೆಂದು ಅಧಿಕಾರ ಯಾವಾಗಲೂ ಪ್ರಶ್ನೆ ಕೇಳುವವರ ಕಡೆಯೇ ಇರುತ್ತದೆ ಎಂದಲ್ಲ, ಎಷ್ಟೋ ಸಲ ಅದು ಪ್ರಶ್ನೆಯನ್ನು ಅಡಗಿಸುವವರ ಕಡೆ ಇರುತ್ತದೆ. ಲಾಹೋರಿನ ಪ್ರಕಾಶಕರೊಬ್ಬರು ಪ್ರವಾದಿಯವರ ಬಗ್ಗೆ ಪ್ರಕಟಿಸಿದ ಕಿರುಹೊತ್ತಗೆಯ ಮೊಕದ್ದಮೆಯಲ್ಲಿ ಖುಲಾಸೆಯಾದಾಗ ಎದ್ದ ಕೋಲಾಹಲದ ಫಲವಾಗಿ 1927ರಲ್ಲಿ ದಂಡಸಂಹಿತೆಗೆ 295ಎ ಕಲಮು ಸೇರಿತು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಅದು ಶಿಕ್ಷಿಸುವುದು ಉದ್ದೇಶಪೂರ್ವಕವಾದ, ದುರುದ್ದೇಶದ ಅವಮಾನವನ್ನು ಮಾತ್ರ. ಸುಪ್ರೀಂ ಕೋರ್ಟ್ 1957ರಲ್ಲಿ ಆ ಕಲಮನ್ನು ಎತ್ತಿಹಿಡಿದದ್ದೂ ಆ ಆಧಾರದ ಮೇಲೆಯೇ. ವಾಕ್ ಸ್ವಾತಂತ್ರ್ಯಕ್ಕೆ ಸಂವಿಧಾನದ 19(2)ನೆಯ ವಿಧಿ ಹಾಕುವ ನಿರ್ಬಂಧಗಳ ಪಟ್ಟಿಯಲ್ಲಿ ಧಾರ್ಮಿಕ ಭಾವನೆ ಎಂಬುದು ಇಲ್ಲವಾದ್ದರಿಂದ ನ್ಯಾಯಾಲಯ ಅದನ್ನು ಸಾರ್ವಜನಿಕ ಸುವ್ಯವಸ್ಥೆಯ ಎಳೆಗೆ ಕಟ್ಟಬೇಕಾಯಿತು. ಈ ಕಟ್ಟುವಿಕೆಯ ಅಡ್ಡಪರಿಣಾಮವನ್ನು ಯಾರೂ ಬಯಸಿರಲಾರರು: ಗಲಾಟೆ ಎಬ್ಬಿಸಬಲ್ಲವರ ಭಾವನೆಗೆ ಸಿಗುವಷ್ಟು ರಕ್ಷಣೆ ಗಲಾಟೆ ಎಬ್ಬಿಸಲಾರದವರ ಭಾವನೆಗೆ ಸಿಗುವುದಿಲ್ಲ. ಠಾಣೆಯಲ್ಲಿ ದೂರು ದಾಖಲಾಗುವ ಹಂತದಲ್ಲಿ ಉದ್ದೇಶ, ದುರುದ್ದೇಶಗಳ ಸೂಕ್ಷ್ಮವನ್ನು ಯಾರೂ ತೂಗುವುದಿಲ್ಲ. ಅದನ್ನು ತೂಗುವ ವೇಳೆಗೆ ವರ್ಷಗಳು ಕಳೆದಿರುತ್ತವೆ. ಕಾನೂನಿನ ಆಚೆಗೆ ನಡೆಯುವುದು ಇದಕ್ಕಿಂತ ಕಠೋರ. ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮದೇ ಸಮುದಾಯದ ಇತಿಹಾಸದ ಬಗ್ಗೆ ಬರೆದ ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ಹಾಗಾದರೆ ಯಾರು ಯಾರನ್ನು ಕೇಳಬಹುದು? ನಂಬಿಕೆಯು ಎಲ್ಲರಿಗೂ ಕಾಣುವ ಲೋಕದಲ್ಲಿ ನಡೆದ ಸಂಗತಿಯೊಂದನ್ನು ಸಾರಿದರೆ, ಆ ಸಾರಿಕೆಯನ್ನು ಯಾರು ಬೇಕಾದರೂ ಕೇಳಬಹುದು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಗಾಂಧಿವಾದಿಯಾಗಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಸರಳವಾಗಿ ಬದುಕಿದ ‘ಎಚ್ಚೆನ್’ ಭಕ್ತರ ಸಮಾಧಾನವನ್ನು ಪ್ರಶ್ನಿಸಲಿಲ್ಲ. ಬರಿಗೈಯಿಂದ ವಸ್ತು ಬರುತ್ತದೆಯೇ ಎಂದು ಮಾತ್ರ ಕೇಳಿದರು. ಭಕ್ತಿಯಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿತು ಎನ್ನುವವರನ್ನು ಪ್ರಯೋಗಶಾಲೆಗೆ ಕರೆಯಲಾಗದು, ಕರೆಯಬೇಕಾಗಿಯೂ ಇಲ್ಲ. ಅಂಗೈಯಲ್ಲಿ ಉಂಗುರ ಸೃಷ್ಟಿಯಾಯಿತು ಎನ್ನುವವರನ್ನು ಕರೆಯಬಹುದು. ಅವರು ಬರದಿದ್ದರೆ ಬಲವಂತ ಮಾಡುವಂತಿಲ್ಲ, ಬರಲಿಲ್ಲ ಎಂಬುದನ್ನು ಜನರ ಮುಂದೆ ಹೇಳಬಹುದು. 42ನೆಯ ತಿದ್ದುಪಡಿಯ ಮೂಲಕ ಅದೇ 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯ ಪ್ರವೃತ್ತಿಯನ್ನೂ ನಾಗರಿಕರ ಕರ್ತವ್ಯವೆಂದು ಕರೆಯಿತು. ಅದನ್ನು ಪಾಲಿಸದವರಿಗೆ ಶಿಕ್ಷೆಯನ್ನೇನೂ ಇಡಲಿಲ್ಲ, ಇಡದಿದ್ದದ್ದು ಒಳ್ಳೆಯದೇ ಆಯಿತು.

‘ಇದು ನನ್ನ ವೈಯಕ್ತಿಕ ನಂಬಿಕೆ’ ಎಂಬ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಮಡೆಸ್ನಾನದ ವಿವಾದ ತೋರಿಸಿತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡುಬಿಟ್ಟ ಎಲೆಗಳ ಮೇಲೆ ಭಕ್ತರು ಉರುಳುತ್ತಿದ್ದರು. ಉರುಳುವವರಲ್ಲಿ ಹಲವರು, ಚರ್ಮರೋಗ ವಾಸಿಯಾಗಲೆಂದು ತಾವೇ ಹೊತ್ತ ಹರಕೆ ಇದು, ಯಾರೂ ಒತ್ತಾಯ ಮಾಡಿಲ್ಲ ಎಂದು ಹೇಳುತ್ತಿದ್ದರು. ಆ ಮಾತನ್ನು ಸುಳ್ಳೆನ್ನಲು ಯಾರಿಗೂ ಆಧಾರವಿಲ್ಲ. ಆದರೆ ಪ್ರಶ್ನೆ ಅವರಿಗಲ್ಲ ಹೋಗಬೇಕಾದದ್ದು. ಯಾರ ಎಲೆ ಪವಿತ್ರ ಎಂಬುದನ್ನು ಜಾತಿಯಿಂದ ನಿರ್ಧರಿಸಿದ ಪಂಕ್ತಿಯನ್ನು ಏರ್ಪಡಿಸುತ್ತಿದ್ದವರಿಗೆ ಹೋಗಬೇಕಾದದ್ದು. ಹರಕೆ ಹೊತ್ತವರ ಮೌಢ್ಯವನ್ನು ಗೇಲಿಮಾಡಿದ ಭಾಷಣಗಳಿಂದ ಏನೂ ಆಗಲಿಲ್ಲ, ಅವಮಾನಿತರಾದವರು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು ಅಷ್ಟೆ.

2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರದ ನಿರ್ಮೂಲನೆಯ ಅಧಿನಿಯಮ ಈ ತರದ ಎಲೆಗಳ ಮೇಲಿನ ಉರುಳುವಿಕೆಯನ್ನೂ ಬೆತ್ತಲೆ ಸೇವೆಯನ್ನೂ ನಿಷೇಧಿಸಿತು. ಅದರ ವಿನಾಯಿತಿಗಳ ಪಟ್ಟಿಯನ್ನು ಓದಿದವರು ಕಡಿಮೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ ಮುಂತಾದವಕ್ಕೆ ಅಡ್ಡಿಯಿಲ್ಲ. ಕೈಯಿಂದಲೇ ತಲೆಗೂದಲನ್ನು ಕಿತ್ತುಕೊಳ್ಳುವ ಜೈನರ ಕೇಶಲೋಚಕ್ಕೂ ಅಡ್ಡಿಯಿಲ್ಲ. ಜ್ಯೋತಿಷ್ಯ ಮತ್ತು ವಾಸ್ತುವನ್ನೂ ಹೊರಗಿಟ್ಟದ್ದಕ್ಕೆ ವಿಚಾರವಾದಿಗಳು ಮೂಗು ಮುರಿದರು, ಅವರ ಅಸಮಾಧಾನದಲ್ಲಿ ಹುರುಳಿಲ್ಲವೆಂದಲ್ಲ, ಅಲ್ಲಿ ನಂಬಿದವರ ಹಣ ಕರಗುವುದು ದಿನನಿತ್ಯದ ಮಾತು. ಆದರೆ ಹಾವು ಕಚ್ಚಿದವರ ವಿಷಯದಲ್ಲಿ ಅದೇ ಕಾಯಿದೆ ನಡೆದುಕೊಂಡ ರೀತಿ ನೋಡುವಂಥದ್ದು. ಹಾವು, ಚೇಳು, ನಾಯಿ ಕಚ್ಚಿದವರಿಗೆ ಮಂತ್ರ ಹಾಕುವವನನ್ನು, ನಿನ್ನ ಮಂತ್ರಕ್ಕೆ ಶಕ್ತಿಯಿದೆಯೇ, ಅದು ಯಾವ ಶಾಸ್ತ್ರದಲ್ಲಿದೆ, ನೀನದನ್ನು ನಿಜವಾಗಿ ನಂಬುತ್ತೀಯಾ ಎಂದು ಅದು ವಿಚಾರಿಸುವುದಿಲ್ಲ. ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋಗುವುದನ್ನು ನೀನು ತಡೆದೆಯಾ ಎಂಬುದು ಅದು ಕೇಳುವ ಪ್ರಶ್ನೆ.